ಹಳದಿ ಮೇಲೆ, ಕೆಂಪು ಕೆಳಗೆ

ಕೊಲಂಬಸ್ಸಿನಿಂದ ಆನ್ ಆರ್ಬರಿಗೆ ಫುಟ್‌ಬಾಲ್ ನೋಡಲು ಹೊರಟವರು ಎಲ್ಲಕ್ಕಿಂತ ಮೊದಲು ರಟ್ಟು ಹೊಂದಿಸಿಕೊಳ್ಳಬೇಕು. ಮನೆಗೆ ಪಾರ್ಸೆಲ್ ಬರುವ ಡಬ್ಬಗಳಿರುತ್ತವಲ್ಲ, ಅವನ್ನು ಬಿಚ್ಚಿ, ಎರಡು ಪಾದ ಊರುವಷ್ಟು ಅಗಲಕ್ಕೆ ಕತ್ತರಿಸಿಟ್ಟುಕೊಳ್ಳಿ. ನವೆಂಬರಿನ ಕೊನೆಯ ಶನಿವಾರ ಅಲ್ಲಿನ ಕ್ರೀಡಾಂಗಣದ ನೆಲದ ಚಳಿ ಬೂಟಿನ ಅಟ್ಟೆ, ಉಣ್ಣೆಯ ಕಾಲುಚೀಲ ಎಲ್ಲವನ್ನೂ ದಾಟಿ ಬಂದು ನೇರ ಮೂಳೆಯನ್ನೇ ಮಾತಾಡಿಸುತ್ತದೆ. ರಟ್ಟಿನ ಮೇಲೆ ನಿಂತರೆ ನಾಲ್ಕು ಗಂಟೆ ಕಳೆದ ಮೇಲೂ ಕಾಲು ನಮ್ಮದೇ ಎಂಬ ನಂಬಿಕೆ ಉಳಿದಿರುತ್ತದೆ. ಈ ಉಪಾಯ ಹೇಳಿಕೊಟ್ಟವರು ನಮ್ಮ ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿ. ಅವರ ಮಾತನ್ನು ಕಣ್ಣುಮುಚ್ಚಿ ನಂಬಬಹುದು. ಇನ್ನು ಮುಂದಿನ ಬುದ್ಧಿವಾದವೆಲ್ಲ ನನ್ನ ಸ್ವಂತದ್ದು.

ಫುಟ್‌ಬಾಲ್ ಎಂದರೆ ಪೆಲೆ, ಮರಡೋನಾ ಆಡಿದ್ದಲ್ಲ. ಒಬ್ಬ ಹುಡುಗ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಮಿಕ್ಕವರೆಲ್ಲ ಅವನ ಮೇಲೆ ಬೀಳುವುದು. ಅಷ್ಟು ತಿಳಿದಿದ್ದರೆ ಸಾಕು, ಉಳಿದದ್ದನ್ನು ನಮ್ಮ ಸ್ನೇಹಿತರ ಬಳಗದ ಗಂಡಸರು ನೀವು ಕೇಳದಿದ್ದರೂ ವಿವರಿಸುತ್ತಾರೆ. "ನಿಮಗೆ ಅರ್ಥ ಆಗುತ್ತಾ ಮೇಡಂ?" ಎಂದು ನನ್ನನ್ನು ಕೇಳದ ಗಂಡಸು ಈ ಊರಿನಲ್ಲಿ ಇಲ್ಲ. ಅರ್ಥವಾಗುತ್ತದೆ ಸ್ವಾಮಿ. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಸೀಟು ಹಿಡಿದು ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಗ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದಾಗಲೂ ನನಗೆ ಈ ಹುಚ್ಚು ಹಿಡಿದಿರಲಿಲ್ಲ. ಹಿಡಿಸಿದ್ದು ಕನ್ನಡ ರಾಜ್ಯೋತ್ಸವ. ಒಂದು ವರ್ಷ ಸಂಘದವರು ನವೆಂಬರಿನ ಆ ಶನಿವಾರವೇ ಕಾರ್ಯಕ್ರಮ ಇಟ್ಟರು. ಹಾಲ್ ತೀರಾ ಅಗ್ಗಕ್ಕೆ ಸಿಕ್ಕಿತಂತೆ. ಯಾಕೆ ಅಗ್ಗ ಎಂದು ಯಾರೂ ಕೇಳಲಿಲ್ಲ. ಬಿಸಿಬೇಳೆಬಾತು ಕೊಪ್ಪರಿಗೆಯಷ್ಟು, ಬಂದ ಜನ ಬೆರಳೆಣಿಕೆಯಷ್ಟು. ಬಂದವರಲ್ಲೂ ಗಂಡಸರೆಲ್ಲ ನಾಡಗೀತೆ ಮುಗಿಯುವ ಮೊದಲೇ ಮಾಯ. ನಮ್ಮ ಯಜಮಾನರನ್ನು ಹುಡುಕಿಕೊಂಡು ಹೋದರೆ ಕಾರಿಡಾರಿನಲ್ಲಿ ಹತ್ತು ತಲೆ ಒಂದು ಫೋನಿನ ಮೇಲೆ ಬಗ್ಗಿವೆ. ಬೈಯಲೆಂದು ನಾನೂ ಬಗ್ಗಿದೆ. ಬಗ್ಗಿದವಳು ಡೊಳ್ಳುಕುಣಿತ ಮುಗಿದರೂ ಏಳಲಿಲ್ಲ.

ಎದುರಾಳಿಯ ಹೆಸರನ್ನು ಈ ಪ್ರಬಂಧಕ್ಕಾಗಿ ಒಂದೇ ಒಂದು ಸಲ ಬರೆಯುತ್ತೇನೆ: ಮಿಷಿಗನ್. ಆಯಿತು, ಇನ್ನು ಬರೆಯುವುದಿಲ್ಲ. ನಮ್ಮ ಕಡೆಯವರು ಆ ಹೆಸರನ್ನು ಬಾಯಲ್ಲಿ ಆಡುವುದಿಲ್ಲ, "ಆ ಉತ್ತರದ ತಂಡ" ಎನ್ನುತ್ತಾರೆ. ಆಟದ ವಾರ ಬಂತೆಂದರೆ ಕ್ಯಾಂಪಸ್ಸಿನ ಬೋರ್ಡುಗಳಲ್ಲಿರುವ ಎಮ್ ಅಕ್ಷರಗಳ ಮೇಲೆಲ್ಲ ಕೆಂಪು ಟೇಪಿನ ಕಾಟು ಬೀಳುತ್ತದೆ. ನಾನೂ ಮನೆಯಲ್ಲಿ ಆ ವ್ರತ ಹಿಡಿದೆ. ಇವರ ಹೆಸರು ಮಂಜುನಾಥ. ವಾರವಿಡೀ ಗಂಡನ ಹೆಸರೆತ್ತದೆ "ಇಲ್ಲಿ ಕೇಳಿಸ್ತಾ", "ನಿಮ್ಮನ್ನೇ" ಎಂದು ಕಳೆದೆ. ನಮ್ಮಜ್ಜಿ ಜೀವಮಾನವಿಡೀ ಹಾಗೆಯೇ ಕರೆದವರು. ಅವರಿಗೆ ಯಾವ ಫುಟ್‌ಬಾಲ್ ತಂಡದ ಮೇಲೆ ಸಿಟ್ಟಿತ್ತೋ.

ಈ ಎರಡು ತಂಡಗಳು ಮೊದಲು ಆಡಿದ್ದು 1897ರಲ್ಲಿ. 1918ರಿಂದ ಪ್ರತಿವರ್ಷ ತಪ್ಪದೆ ಆಡಿ, 2020ರಲ್ಲಿ ಕೋವಿಡ್ ಬಂದು ತಪ್ಪಿತು. ಆದರೆ ಜಗಳ ಆಟಕ್ಕಿಂತ ಹಳೆಯದು. 1835ರಲ್ಲಿ ಟೊಲಿಡೊ ಊರು ಯಾರದು ಎಂದು ಎರಡೂ ಕಡೆಯವರು ದಂಡು ಕಟ್ಟಿಕೊಂಡು ಹೊರಟಿದ್ದರು. ಬೆಳಗಾವಿಯ ತಂಟೆ ಕೇಳಿ ಬೆಳೆದ ನಮಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ. ಆ ಯುದ್ಧದಲ್ಲಿ ಸತ್ತವರು ಯಾರೂ ಇಲ್ಲ. ಪೆನ್ನುಚಾಕುವಿನಿಂದ ತಿವಿಸಿಕೊಂಡ ಪೊಲೀಸ್ ಅಧಿಕಾರಿಯೊಬ್ಬ ಇದ್ದ, ಅವನೂ ಬದುಕಿಕೊಂಡ. ತಿವಿದವನ ಹೆಸರು ಟೂ ಸ್ಟಿಕ್ನಿ. ಹೌದು, ಹೆಸರೇ ಟೂ. ಅವನ ಅಣ್ಣ ಒನ್ ಸ್ಟಿಕ್ನಿ. ಮಕ್ಕಳಿಗೆ ಒಂದು, ಎರಡು ಎಂದು ಹೆಸರಿಟ್ಟ ಆ ಮಹಾನುಭಾವ ಅಪ್ಪ ಟೊಲಿಡೊ ಓಹಾಯೋದ್ದೇ ಎಂದು ಹೋರಾಡಿದವನು. ಕೊನೆಗೆ ಟೊಲಿಡೊ ನಮಗೆ ಬಂತು, ಉತ್ತರದವರಿಗೆ ಸಮಾಧಾನಕ್ಕೆಂದು ಸರೋವರಗಳ ಆಚೆಯ ಕಾಡು ಸಿಕ್ಕಿತು. ಆ ಕಾಡಿನಲ್ಲಿ ಆಮೇಲೆ ತಾಮ್ರ, ಕಬ್ಬಿಣ ಹೇರಳವಾಗಿ ಸಿಕ್ಕಿದ್ದನ್ನು ನಮ್ಮವರು ಹೇಳಿಕೊಳ್ಳುವುದಿಲ್ಲ.

2021ರ ಆಟ ಅವರ ಊರಾದ ಆನ್ ಆರ್ಬರಿನಲ್ಲಿ. ಮಗ ಎಲ್ಲಿಂದಲೋ ಎರಡು ಟಿಕೆಟ್ ಹುಟ್ಟಿಸಿ ಸಿಯಾಟಲ್‌ನಿಂದ ಫೋನಿಗೆ ಕಳಿಸಿದ. ಜೊತೆಗೆ ಉಪದೇಶ: "ಅಮ್ಮಾ, ಕೆಂಪು ಹಾಕ್ಕೊಂಡು ಹೋಗು. ಆದ್ರೆ ಅಲ್ಲಿ ಯಾರ ಹತ್ರಾನೂ ಜಾಸ್ತಿ ಮಾತಾಡ್ಬೇಡ." ಇದನ್ನು ಅವನು ಹೇಳಬೇಕಾಗಿದ್ದು ಅವನ ಅಪ್ಪನಿಗೆ.

ಟಿಕೆಟ್ ಫೋನಿನಲ್ಲಿರುವುದರಿಂದ ಇನ್ನೊಂದು ಸಲಹೆ. ಚಳಿಗೆ ಫೋನಿನ ಬ್ಯಾಟರಿ ಕಣ್ಣೆದುರೇ ಇಳಿದುಹೋಗುತ್ತದೆ. ಅದನ್ನು ಕೋಟಿನ ಹೊರಜೇಬಿನಲ್ಲಿಡದೆ, ಸ್ವೆಟರಿನ ಒಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಒಳಗೆ ಲಕ್ಷ ಜನ ಒಟ್ಟಿಗೆ ಫೋನೆತ್ತುವುದರಿಂದ ನೆಟ್‌ವರ್ಕನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಟಿಕೆಟ್ಟನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ. ಇದಕ್ಕಿಂತ ದೊಡ್ಡ ಸಂಕಟ ಚೀಲದ್ದು. ಆ ವರ್ಷ ಒಳಗೆ ಯಾವ ಚೀಲವನ್ನೂ ಬಿಡುವುದಿಲ್ಲ ಎಂದರು. ಹೆಣ್ಣುಮಕ್ಕಳ ಹೆಗಲಚೀಲವನ್ನೂ ಬಿಡಲಿಲ್ಲ. ವಿಕ್ಸ್ ಡಬ್ಬಿ, ಕರವಸ್ತ್ರ, ಅಮೃತಾಂಜನ, ಓದುವ ಕನ್ನಡಕ, ಸೇಫ್ಟಿ ಪಿನ್ನು, ದೇವರ ಕುಂಕುಮದ ಪೊಟ್ಟಣ ಎಲ್ಲ ಇವರ ಜಾಕೆಟ್ಟಿನ ಜೇಬುಗಳಿಗೆ ಹಂಚಿಹೋದವು. ರಟ್ಟನ್ನು ನಾನು ಕೋಟಿನೊಳಗೆ ಬೆನ್ನಿಗೆ ಆನಿಸಿಕೊಂಡೆ. ಹೀಗಾಗಿ ನನಗೆ ಬಗ್ಗಲು ಆಗುತ್ತಿರಲಿಲ್ಲ, ಇವರಿಗೆ ಕೂರಲು ಆಗುತ್ತಿರಲಿಲ್ಲ.

ಊಟವನ್ನು ಕಾರಿನಲ್ಲೇ ಮುಗಿಸಿಕೊಳ್ಳಿ. ಪುಳಿಯೋಗರೆ ಆದೀತು. ಮೊಸರನ್ನ ಬೇಡ, ಅಲ್ಲಿನ ಚಳಿಗೆ ಅದನ್ನು ಚಾಕುವಿನಿಂದ ಕತ್ತರಿಸಬೇಕಾಗುತ್ತದೆ. ಬಕೈ ಉಂಡೆ ಮಾಡಿಕೊಂಡು ಹೋಗಿದ್ದೆ. ಬಕೈ ಎಂದರೆ ಓಹಾಯೋದ ಮರವೊಂದರ ಕಾಯಿ, ನಮ್ಮ ತಂಡದ ಹೆಸರೂ ಅದೇ. ಕಾಯಿ ವಿಷ, ಯಾರೂ ತಿನ್ನುವುದಿಲ್ಲ. ಅದರ ಆಕಾರದಲ್ಲಿ ಕಡಲೆಕಾಯಿ ಬೆಣ್ಣೆಯ ಉಂಡೆ ಕಟ್ಟಿ ಮುಕ್ಕಾಲು ಭಾಗ ಚಾಕೊಲೇಟಿನಲ್ಲಿ ಅದ್ದಿ ತೆಗೆಯುತ್ತಾರೆ. ನಾನು ಸ್ವಲ್ಪ ಏಲಕ್ಕಿ ಹಾಕುತ್ತೇನೆ. ಪಕ್ಕದ ಮನೆ ಅಜ್ಜಿ ಅದನ್ನು ಇನ್ನೂ ಕ್ಷಮಿಸಿಲ್ಲ.

ಈಗ ಶಲ್ಯದ ವಿಷಯ. ಕೆಂಪು ಸ್ವೆಟರ್, ಕೆಂಪು ಟೋಪಿ, ಕೆಂಪು ಕೈಗವಸು ಎಲ್ಲ ಹಾಕಿಕೊಂಡ ಮೇಲೂ ಕತ್ತಿಗೆ ಗಾಳಿ ಹೊಡೆಯುತ್ತಿತ್ತು. ಸಂಘದವರು ಆ ವರ್ಷದ ರಾಜ್ಯೋತ್ಸವಕ್ಕೆ ಸ್ವಯಂಸೇವಕರಿಗೆಲ್ಲ ಹಾಕಿದ್ದ ದಪ್ಪನೆಯ ಶಲ್ಯ ಕೈಗೆ ಸಿಕ್ಕಿತು. ಹಳದಿ ಕೆಂಪು. ಕೆಂಪಂತೂ ಇದೆ, ಜೊತೆಗೆ ನವೆಂಬರ್ ತಿಂಗಳು, ಕನ್ನಡಾಂಬೆಯೂ ನಮ್ಮ ತಂಡದ ಪರವಾಗಿ ಬರಲಿ ಎಂದು ಸುತ್ತಿಕೊಂಡೆ. ಉತ್ತರದವರ ಬಣ್ಣ ಜೋಳದ ಹಳದಿ ಮತ್ತು ನೀಲಿ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಮ್ಮ ಬಾವುಟದ ಹಳದಿ ಅವರ ಹಳದಿ ಆಗಬಹುದೆಂದು ಯಾವ ಕನ್ನಡತಿಗೆ ಹೊಳೆದೀತು?

ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಮುನ್ನೂರು ಕಿಲೋಮೀಟರು, ಚಪ್ಪಟೆ ಹೊಲ, ಫಿಂಡ್ಲೆ, ಟೊಲಿಡೊ, ಮತ್ತೆ ಚಪ್ಪಟೆ ಹೊಲ. ಆಟ ಮಧ್ಯಾಹ್ನ ಹನ್ನೆರಡಕ್ಕೆ. ನಾವು ನಸುಕಿನಲ್ಲೇ ಹೊರಟಿದ್ದೆವು.

ಆನ್ ಆರ್ಬರಿನಲ್ಲಿ ಆಟದ ದಿನ ಕ್ರೀಡಾಂಗಣದ ಸುತ್ತಮುತ್ತಲಿನ ಮನೆಯವರು ಮುಂದಿನ ಹುಲ್ಲುಹಾಸನ್ನೇ ಕಾರು ನಿಲ್ಲಿಸಲು ಬಾಡಿಗೆಗೆ ಬಿಡುತ್ತಾರೆ. ಬೀದಿಯ ತುದಿಯ ಮನೆಯೊಂದರ ಮುಂದೆ ಹತ್ತು ಹನ್ನೊಂದರ ಹುಡುಗನೊಬ್ಬ ರಟ್ಟಿನ ಮೇಲೆ ನೀಲಿ ಬಣ್ಣದಲ್ಲಿ 50 ಎಂದು ಬರೆದು ಹಿಡಿದು ನಿಂತಿದ್ದ. ಹಿಂದೆ ಅವರಪ್ಪ ಮಡಚುವ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಏನನ್ನೋ ಸುಡುತ್ತಿದ್ದ. ಇವರು ಕಾರು ನಿಲ್ಲಿಸಿದರು. ಓಹಾಯೋದಲ್ಲಿ 2020ರಿಂದ ಕಾರಿನ ಮುಂದೆ ನಂಬರ್ ಪ್ಲೇಟು ಬೇಕಿಲ್ಲ, ಹಿಂದೆ ಇದ್ದರೆ ಸಾಕು. ಹಾಗಾಗಿ ನಮ್ಮ ಊರು ಯಾವುದೆಂದು ತಿಳಿಯಲಾರದು ಎಂದು ಇವರು ಲೆಕ್ಕ ಹಾಕಿದ್ದರು. ಹುಡುಗ ಏನೂ ಮಾತಾಡದೆ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದ. ಹಿಂದಿನ ಪ್ಲೇಟು ನೋಡಿದ. ಮುಂದೆ ಬಂದು ಕೈಯಲ್ಲಿದ್ದ ರಟ್ಟನ್ನು ತಿರುಗಿಸಿ ಹಿಡಿದ. ಹಿಂದುಗಡೆ ಕೆಂಪಕ್ಷರದಲ್ಲಿ 70.

"ಇದೇನಪ್ಪಾ?" ಎಂದರು ಇವರು.

"ಆ ಕಡೆಯದು ನಮ್ಮವರಿಗೆ. ಈ ಕಡೆಯದು ನಿಮಗೆ."

ಪಾಪ, ಆ ಹುಡುಗನಿಗೆ ಎದುರಿಗಿರುವುದು ಯಾರೆಂದು ಗೊತ್ತಿರಲಿಲ್ಲ. ಇವರು ತಿಪಟೂರಿನವರು. ಕೊಬ್ಬರಿ ಮಂಡಿಯ ಕಟ್ಟೆಯ ಮೇಲೆ ಬೆಳೆದ ಜೀವ. ಅಮೆರಿಕಕ್ಕೆ ಬಂದಂದಿನಿಂದ ಎಲ್ಲ ಕಡೆ ಬೆಲೆಯ ಚೀಟಿ ಅಂಟಿಸಿಟ್ಟಿರುವುದನ್ನು ನೋಡಿ ನೋಡಿ ಒಳಗೊಳಗೇ ಬಾಡಿಹೋಗಿದ್ದರು. ಈಗ ಮುಖಕ್ಕೆ ರಕ್ತ ಏರಿತು. ಕಾರಿನಿಂದ ಇಳಿದರು, ಸೊಂಟದ ಮೇಲೆ ಕೈಯಿಟ್ಟರು, ಆಕಾಶ ನೋಡಿದರು.

"ನಲವತ್ತು."

"ಎಪ್ಪತ್ತು."

"ಕಾರು ಚಿಕ್ಕದು ನೋಡು."

"ಹುಲ್ಲಿಗೆ ಅದೆಲ್ಲ ಗೊತ್ತಾಗಲ್ಲ."

"ಮುಂದಿನ ವರ್ಷವೂ ನಿಮ್ಮಲ್ಲಿಗೇ ಬರ್ತೀವಿ, ಕಾಯಂ ಗಿರಾಕಿ."

"ಮುಂದಿನ ವರ್ಷ ಆಟ ನಿಮ್ಮೂರಲ್ಲಿ."

ಇವರು ಮಂಡಿಯ ಕೊನೆಯ ಪಟ್ಟು ಹಾಕಿದರು. ನಿಟ್ಟುಸಿರುಬಿಟ್ಟು, ಬಂದು ಕಾರು ಹತ್ತಿ, ಸ್ಟಾರ್ಟ್ ಮಾಡಿ, ನಿಧಾನವಾಗಿ ಹಿಂದೆ ಸರಿಸಿದರು. ಮಾರುವವನು ಓಡಿಬಂದು ಬಾನೆಟ್ ತಟ್ಟಬೇಕಾದ ಜಾಗ ಇದು. ಹುಡುಗ ಅಲ್ಲಾಡಲಿಲ್ಲ. ನಮ್ಮ ಹಿಂದೆ ನಿಂತ ಕಾರಿಗೆ ರಟ್ಟಿನ 50ರ ಮುಖ ತೋರಿಸಿದ. ಇವರು ತಟ್ಟನೆ ಬ್ರೇಕ್ ಹಾಕಿದರು. ಆಗ ಹುಡುಗನಿಗೇ ಕನಿಕರವಾಯಿತೆಂದು ಕಾಣುತ್ತದೆ. ಕಿಟಕಿಯ ಹತ್ತಿರ ಬಂದು ಹೇಳಿದ: "ಗೋ ಬ್ಲೂ ಅನ್ನಿ, ಐದು ಡಾಲರು ಬಿಡ್ತೀನಿ."

"ಕಾರಿಗೆ ಐದೋ, ತಲೆಗೆ ಐದೋ?" ಎಂದು ಇವರು ಕೇಳಿದ ರಭಸಕ್ಕೆ ನನ್ನ ಎದೆ ಧಸಕ್ಕೆಂದಿತು. ಹುಡುಗ ಹೋಗಿ ಅಪ್ಪನನ್ನು ಕೇಳಿಕೊಂಡು ಬಂದ. ತಲೆಗೆ.

"ಗೋ ಬ್ಲೂ!"

ಅಗ್ನಿಸಾಕ್ಷಿಯಾಗಿ ಕೈಹಿಡಿದ ಮನುಷ್ಯ. ಹಿಂದಿನ ರಾತ್ರಿ ನನ್ನ ಪಕ್ಕದಲ್ಲೇ ಕೂತು ಮಗನ ಹಳೆಯ ಕಾಲೇಜು ಟೀಶರ್ಟಿಗೆ ಇಸ್ತ್ರಿ ಹಾಕಿದ ಮನುಷ್ಯ. ಒಂದು ಕ್ಷಣ ಯೋಚಿಸಲಿಲ್ಲ, ಗಂಟಲು ಸರಿಮಾಡಿಕೊಳ್ಳಲೂ ಇಲ್ಲ. ಕೂಗಿಯೇ ಬಿಟ್ಟರು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು.

"ಹೇಳಿಬಿಡೇ, ಐದು ಡಾಲರು."

"ಪ್ರಾಣ ಹೋದ್ರೂ ಇಲ್ಲ."

"ಎರಡು ಮಾತು ಕಣೇ. ಯಾರಿಗೂ ಗೊತ್ತಾಗಲ್ಲ."

"ಐದು ಡಾಲರಿಗೆ ಮಗನ ಕಾಲೇಜು ಮಾರ್ಕೊಳ್ಳೋದಾ?"

"ಆ ಕಾಲೇಜಿಗೆ ನಾವು ಕಟ್ಟಿದ್ದೆಷ್ಟು ಅಂತ ಜ್ಞಾಪಕ ಇದ್ಯಾ? ಇದಾದ್ರೂ ವಾಪಸ್ ಬರ್ಲಿ."

ಹಿಂದೆ ಕಾರುಗಳ ಸಾಲು ಬೆಳೆಯುತ್ತಿತ್ತು. ಅಮೆರಿಕದವರು ಹಾರ್ನ್ ಹೊಡೆಯುವುದಿಲ್ಲ ಎಂದು ನಮ್ಮ ಊರಿಗೆ ಹೋದಾಗಲೆಲ್ಲ ಭಾಷಣ ಮಾಡುವವಳು ನಾನು. ಹೊಡೆಯುತ್ತಾರೆ. ಅಷ್ಟರಲ್ಲಿ ಇವರ ಕಣ್ಣು ನನ್ನ ಕತ್ತಿನ ಮೇಲೆ ಬಿತ್ತು. ಮಂಡಿಯವರ ಕಣ್ಣು ಅದು, ಯಾವುದಕ್ಕೆ ಎಲ್ಲಿ ಬೆಲೆ ಬರುತ್ತದೆಂದು ಅದಕ್ಕೆ ಗೊತ್ತು. ಶಲ್ಯವನ್ನು ಎಳೆದು ಕಿಟಕಿಯಾಚೆ ಹರಡಿದರು. "ಇಲ್ಲಿ ನೋಡು ಮರಿ, ಇವಳು ಬಾಯಲ್ಲಿ ಹೇಳಲ್ಲ, ಮೈಮೇಲೇ ಹಾಕ್ಕೊಂಡಿದಾಳೆ. ಹಳದಿ!"

ಹುಡುಗ ಬಟ್ಟೆಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದ. "ಕೆಂಪೂ ಇದೆ."

"ಹಳದಿ ಮೇಲಿದೆ, ಕೆಂಪು ಕೆಳಗಿದೆ. ನೀನೇ ಅರ್ಥ ಮಾಡ್ಕೋ."

"ಇದು ಯಾವ ತಂಡ?"

"ತಂಡ ಅಲ್ಲ. ರಾಜ್ಯ. ಆರು ಕೋಟಿಗೆ ಮೀರಿದ ಜನ."

ಹುಡುಗನಿಗೆ ಮೊದಲ ಬಾರಿ ನಮ್ಮ ಮೇಲೆ ಗೌರವ ಹುಟ್ಟಿತು. ಕೋಟಿಯನ್ನು ಇವರು ಮಿಲಿಯನ್ನಿಗೆ ಇಳಿಸಿ ಹೇಳಿದಾಗಲಂತೂ ಅಪ್ಪನೂ ಕುರ್ಚಿಯಿಂದ ಎದ್ದು ಬಂದ. "ಅವರ ಸ್ಟೇಡಿಯಂ ಎಷ್ಟು ದೊಡ್ಡದು?" ಎಂದು ಹುಡುಗ ಕೇಳಿದ. ಅವರ ಊರಿನದು 1,07,601 ಜನ ಹಿಡಿಯುವಂಥದು. ಚಿನ್ನಸ್ವಾಮಿಯನ್ನು ಎರಡು ಸಲ ತುಂಬಿಸಿದರೂ ಅಲ್ಲಿ ಸೀಟು ಮಿಕ್ಕುತ್ತವೆ. ಇವರು ಕೇಳಿಸದವರಂತೆ ಶಲ್ಯದ ಸುಕ್ಕು ತೆಗೆಯತೊಡಗಿದರು. ಹುಡುಗ ಬಿಡಲಿಲ್ಲ. ಬಾವುಟ ಎಂದ ಮೇಲೆ ಅದಕ್ಕೊಂದು ಕೂಗು ಇರಬೇಕಲ್ಲ, ಅದನ್ನು ಕೂಗಿ ತೋರಿಸಿ, ನಿಜವೆನ್ನಿಸಿದರೆ ಇನ್ನೈದು ಕಡಿಮೆ ಎಂದ.

ಸಂಘದ ವೇದಿಕೆಯಲ್ಲಿ ಎಲ್ಲರೂ ಕೂಗುವಾಗ ಇವರು ತುಟಿ ಮಾತ್ರ ಅಲ್ಲಾಡಿಸುತ್ತಾರೆ. ಸಂಕೋಚದ ಮನುಷ್ಯ. ಆ ದಿನ ಉತ್ತರದವರ ಹುಲ್ಲುಹಾಸಿನ ಮೇಲೆ, ಮುಷ್ಟಿ ಬಿಗಿದು, ಕೈ ಮೇಲೆತ್ತಿ, "ಜೈ ಕರ್ನಾಟಕ ಮಾತೆ!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೂಗಿದೆ. ಅದಕ್ಕೆ ಯಾರಪ್ಪನ ಅಡ್ಡಿ? ಹುಡುಗ ರಟ್ಟನ್ನು ಮಡಿಲಲ್ಲಿಟ್ಟುಕೊಂಡು ಪೆನ್ಸಿಲಿನಲ್ಲಿ ಲೆಕ್ಕ ಹಾಕಿ 60 ಎಂದು ಬರೆದ. ಒಂದೇ ಷರತ್ತು: ಅವನ ಕಣ್ಣಿಗೆ ಕಾಣುವಷ್ಟು ದೂರ ಹಳದಿ ಮೇಲೆಯೇ ಇರಬೇಕು. ಅರಿಶಿನ ಕುಂಕುಮದ ಬಣ್ಣ ಹಾಕಿ ಕನ್ನಡದ ಬಾವುಟ ರೂಪಿಸಿದ ಮ. ರಾಮಮೂರ್ತಿಯವರು (ಈ ಮಕಾರಕ್ಕೆ ವಿನಾಯಿತಿ ಇದೆ) ಅದಕ್ಕೆ ಒಂದು ದಿನ ಆನ್ ಆರ್ಬರಿನ ಪಾರ್ಕಿಂಗಿನಲ್ಲಿ ಐದು ಡಾಲರಿನ ಬೆಲೆ ಕಟ್ಟಿಯಾರೆಂದು ಕನಸಿನಲ್ಲೂ ಎಣಿಸಿರಲಾರರು. ಇವರಂತೂ ಹತ್ತು ಡಾಲರು ಗೆದ್ದ ಠೀವಿಯಲ್ಲಿ ನಡೆಯುತ್ತಿದ್ದರು. ಊರಿನವರಿಗಿಂತ ಹತ್ತು ಹೆಚ್ಚೇ ಕೊಟ್ಟಿದ್ದೇವೆ ಎಂದು ನಾನು ನೆನಪಿಸಲಿಲ್ಲ. ಹುಲ್ಲುಹಾಸಿನಲ್ಲಿ ನಿಲ್ಲಿಸುವವರಿಗೆ ಒಂದು ಮಾತು: ಹಿಂದಿನಿಂದ ಇನ್ನೊಂದು ಕಾರು ಬಂದು ನಿಮ್ಮನ್ನು ಒಳಗೆ ಕೂಡಿಹಾಕದ ಜಾಗ ನೋಡಿಕೊಳ್ಳಿ. ಇದು ನಮಗೆ ಸಂಜೆ ತಿಳಿಯಿತು.

ಆ ಕ್ರೀಡಾಂಗಣ ಹೊರಗಿನಿಂದ ನೋಡಿದರೆ ಏನೂ ಅಲ್ಲ. ಇಷ್ಟಕ್ಕೇನಾ ಇವರ ಜಂಬ ಎನ್ನಿಸುತ್ತದೆ. ಒಳಗೆ ಕಾಲಿಟ್ಟರೆ ನೆಲವೇ ಬಾಯ್ತೆರೆದಿದೆ. 1927ರಲ್ಲಿ ಕಟ್ಟಿದವರು ಬಹುಪಾಲನ್ನು ಭೂಮಿಯೊಳಗೇ ತೋಡಿಬಿಟ್ಟಿದ್ದಾರೆ. ಬೆನ್ನಿಗೆ ಆಸರೆಯಿಲ್ಲದ ಉದ್ದನೆಯ ಬೆಂಚುಗಳು, ಅವುಗಳ ಮೇಲೆ ನಂಬರು. ಬೇಸಿಗೆಯಲ್ಲಿ ಅಳತೆ ತೆಗೆದಿರಬೇಕು. ಒಬ್ಬೊಬ್ಬರೂ ನಾಲ್ಕು ಪದರ ಬಟ್ಟೆ ಹಾಕಿಕೊಂಡು ಬಂದರೆ ಸಾಲಿನ ಕೊನೆಯವರು ಗಾಳಿಯಲ್ಲೇ ಕೂರಬೇಕು. ಲೆಕ್ಕದ ಕೊನೆಯಲ್ಲಿ ಬರುವ ಆ 1 ಯಾಕೆಂದು ಕೇಳಿದರೆ, ಫ್ರಿಟ್ಜ್ ಕ್ರಿಸ್ಲರ್ ಎಂಬ ಹಳೆಯ ಕೋಚ್‌ನ ಗೌರವಕ್ಕೆ ಒಂದು ಸೀಟು ಹೆಚ್ಚಿಗೆ ಇಟ್ಟಿದ್ದಾರಂತೆ, ಎಲ್ಲಿ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲವಂತೆ. ನನಗೆ ಸಿಕ್ಕಿದ್ದು ಅದೇ ಎಂದು ನನಗೆ ಅನುಮಾನವೇ ಇಲ್ಲ.

ನಮ್ಮ ಕಡೆಯವರ ಕೆಂಪು ಮೂಲೆಯಲ್ಲಿ ಕೂತರೆ ನೆಮ್ಮದಿ ಎಂದುಕೊಂಡಿದ್ದೆ. ಹಿಂದಿನ ಸಾಲಿನವನೊಬ್ಬ ನನ್ನ ಶಲ್ಯ ತೋರಿಸಿ, ಹಳದಿ ಯಾಕೆ, ಮಡಚಿ ಕೆಂಪನ್ನು ಮೇಲೆ ಮಾಡಿ ಎಂದ. ಮೇಲುಕೆಳಗು ಮಾಡಿದರೆ ನಮ್ಮ ಬಾವುಟಕ್ಕೆ ಅವಮಾನ, ಆಗುವುದಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆಗುವ ಸ್ಥಿತಿಯಲ್ಲೂ ಇರಲಿಲ್ಲ, ಬೆಳಗಿನಿಂದ ಕುಡಿದಿದ್ದ. ಆಟವಿಡೀ ಅವನ ಬೂಟು ನನ್ನ ಬೆನ್ನಿಗೆ ಬಡಿಯುತ್ತಿತ್ತು. ಅದನ್ನಾದರೂ ಸಹಿಸಬಹುದು. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರ ತಾಯಂದಿರನ್ನೆಲ್ಲ ಎಳೆದು ತಂದು ಬೈಯುತ್ತಿದ್ದನಲ್ಲ, ಅದು ಸಹಿಸುವಂಥದಲ್ಲ. ಎದುರು ತಂಡದವರನ್ನು ಬೈದು ಸಾಕಾದ ಮೇಲೆ ನಮ್ಮ ಹುಡುಗರಿಗೇ ಶುರುಮಾಡಿದ. ಪರ ಊರಿಗೆ ಆಟ ನೋಡಲು ಹೋಗುವವರಿಗೆ ಎಲ್ಲರೂ ಎದುರಾಳಿಯ ಅಭಿಮಾನಿಗಳ ವಿಷಯವಾಗಿಯೇ ಎಚ್ಚರಿಸುತ್ತಾರೆ. ನಮ್ಮವರ ವಿಷಯ ಯಾರೂ ಹೇಳುವುದಿಲ್ಲ.

ಆಟದ ಬಗ್ಗೆ ಚುಟುಕಾಗಿ ಮುಗಿಸುತ್ತೇನೆ, ದುಃಖ ದೊಡ್ಡದು. ಹಿಮ ಬಿತ್ತು. ಅರ್ಧ ಆಟಕ್ಕೆ 14-13, ಒಂದೇ ಒಂದು ಅಂಕದ ಹಿನ್ನಡೆ, ಪರವಾಗಿಲ್ಲ ಎಂದುಕೊಂಡೆವು. ಆಮೇಲೆ ಹಸನ್ ಹಾಸ್ಕಿನ್ಸ್ ಎಂಬ ಅವರ ಹುಡುಗ ಓಡಿದ, ಇನ್ನೂ ಓಡಿದ, ಒಟ್ಟು ಐದು ಸಲ ಗೆರೆ ದಾಟಿದ. 42-27. 2011ರಿಂದ ಈಚೆಗೆ ನಮ್ಮನ್ನು ಸೋಲಿಸಿಯೇ ಇರದಿದ್ದ ಜನ ನಾನು ಹೋದ ವರ್ಷವೇ ಸೋಲಿಸಿದರು. ಆ ದಿನ ಬಂದಿದ್ದವರು 1,11,156 ಮಂದಿ ಎಂದು ಆಮೇಲೆ ಪೇಪರಿನಲ್ಲಿ ಬಂತು. ಅವರಲ್ಲಿ ಗಟ್ಟಿಮುಟ್ಟಾದವರೆಲ್ಲ ಕೊನೆಯಲ್ಲಿ ಮೈದಾನಕ್ಕೆ ಧುಮುಕಿದರು. ಮಗ ಸಿಯಾಟಲ್‌ನಿಂದ ಒಂದು ಮೆಸೇಜು ಕಳಿಸಿದ್ದ, ನೆಟ್‌ವರ್ಕಿಲ್ಲದೆ ರಾತ್ರಿ ತಲುಪಿತು: "ಅಮ್ಮಾ, ಹಳದಿ ಶಾಲು ಯಾಕೆ ಹಾಕ್ಕೊಂಡು ಹೋದೆ?" ಅಪ್ಪ ಫೋಟೋ ಕಳಿಸಿದ್ದರಂತೆ.

ಸೋತ ತಂಡದ ಕೆಂಪು ಬಟ್ಟೆ ಹಾಕಿಕೊಂಡು ಗೆದ್ದ ಊರಿನ ಬೀದಿಯಲ್ಲಿ ಕಾರಿನವರೆಗೆ ನಡೆಯುವುದಿದೆಯಲ್ಲ, ಅದಕ್ಕೆ ಸಲಹೆ ಏನೆಂದರೆ ತಲೆ ತಗ್ಗಿಸಿ ಬೇಗ ನಡೆಯಿರಿ. ನಾವೂ ಹಾಗೇ ನಡೆಯುತ್ತಿದ್ದೆವು. ಒಂದು ಮನೆಯ ಜಗಲಿಯ ಮೇಲೆ ಹುಡುಗರ ಗುಂಪು. ಅವರಲ್ಲೊಬ್ಬ ಕಂಬ ಹಿಡಿದು ಬಗ್ಗಿ ಕೂಗಿದ: "ಮನೆಗೆ ಹೋಗಿ! ನಿಮ್ಮ ಊರಿಗೆ ತೊಲಗಿ!"

ನನ್ನ ಕಾಲು ನಿಂತುಬಿಟ್ಟವು. ಇವರ ಕೈ ನನ್ನ ತೋಳನ್ನು ಹಿಡಿಯಿತು. ಈ ದೇಶದಲ್ಲಿ ನಮ್ಮ ಚರ್ಮದ ಬಣ್ಣದವರು ಈ ಮಾತಿಗಾಗಿ ಒಂದು ಕಿವಿಯನ್ನು ಸದಾ ತೆರೆದೇ ಇಟ್ಟಿರುತ್ತೇವೆ. 2017ರ ಫೆಬ್ರವರಿಯಲ್ಲಿ ಕಾನ್ಸಾಸಿನ ಓಲೇಥ ಎಂಬ ಊರಿನ ಬಾರಿನಲ್ಲಿ ಶ್ರೀನಿವಾಸ ಕೂಚಿಭೋಟ್ಲ ಎಂಬ ಎಂಜಿನಿಯರನನ್ನು, ನನ್ನ ದೇಶ ಬಿಟ್ಟು ತೊಲಗು ಎಂದು ಕೂಗಿ ಗುಂಡು ಹೊಡೆದು ಕೊಂದರು. ಆ ವಾರ ಇವರು ಆಫೀಸಿನಿಂದ ಬರುವುದು ಹತ್ತು ನಿಮಿಷ ತಡವಾದರೂ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಮಗನಿಗೆ ಫೋನ್ ಮಾಡಿ ಹೊರಗೆ ಕನ್ನಡದಲ್ಲಿ ಜೋರಾಗಿ ಮಾತಾಡಬೇಡ ಎಂದಿದ್ದೆ. ಹಾಗೆ ಹೇಳಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹುಡುಗನ ಕೂಗು ಮುಗಿದಿರಲಿಲ್ಲ. "ಓಹಾಯೋಗೆ ಹೋಗಿ! ದಾರಿಯುದ್ದಕ್ಕೂ ಅಳ್ತಾ ಹೋಗಿ!"

ನಮ್ಮ ಮುಂದೆ ಆರಡಿ ಎತ್ತರದ ಬಿಳಿಯ ಗಂಡಹೆಂಡತಿ ಕೆಂಪು ಕೋಟು ಹಾಕಿಕೊಂಡು ನಮ್ಮ ಹಾಗೆಯೇ ತಲೆ ತಗ್ಗಿಸಿ ನಡೆಯುತ್ತಿದ್ದರು. ಅವರ ಮುಂದೆ ಒಬ್ಬ ಕಪ್ಪು ಮುದುಕ, ಕೆಂಪು ಟೋಪಿ. ಬೈಗುಳ ಎಲ್ಲರಿಗೂ ಸಮವಾಗಿ ಬಿದ್ದಿತ್ತು. ಕೊಲಂಬಸ್ಸಿನ ದಿನಸಿ ಅಂಗಡಿಯಲ್ಲಿ, ದಂತವೈದ್ಯರ ಕುರ್ಚಿಯಲ್ಲಿ, ಯಾವ ಊರು ಎಂದು ಕೇಳುತ್ತಾರೆ. ಇದೇ ಊರು ಎನ್ನುತ್ತೇನೆ. ಅಲ್ಲ, ನಿಜವಾಗಿ ಯಾವ ಊರು ಎಂದು ಮತ್ತೆ ಕೇಳುತ್ತಾರೆ. ಎಲ್ಲ ಒಳ್ಳೆಯ ಜನ, ನಗುತ್ತಲೇ ಕೇಳುತ್ತಾರೆ. ಕುಡಿದು ತೂರಾಡುತ್ತಿದ್ದ ಈ ಪೋರ ಮಾತ್ರ ಒಂದೇ ಏಟಿಗೆ, ಯಾವ ಪುರಾವೆಯೂ ಕೇಳದೆ ನನ್ನನ್ನು ಓಹಾಯೋದವಳು ಎಂದು ಒಪ್ಪಿಕೊಂಡುಬಿಟ್ಟಿದ್ದ. ನನಗೆ ಏನಾಯಿತೋ, ತಿರುಗಿ ನಿಂತು ಕನ್ನಡದಲ್ಲೇ, ಬೀದಿಗೆಲ್ಲ ಕೇಳುವಂತೆ ಕೂಗಿದೆ: "ಹೋಗ್ತೀವಿ ಹೋಗೋ, ನಿಮ್ಮೂರಲ್ಲೇನಿದೆ ಮಣ್ಣು!" ಮಗ ಹೇಳಿಕಳಿಸಿದ್ದ ಉಪದೇಶ ಅಲ್ಲಿಗೆ ಮುಗಿಯಿತು. ಆ ಬಿಳಿಯ ಹೆಂಗಸು ತಿರುಗಿ ನೋಡಿ, ಒಂದಕ್ಷರ ತಿಳಿಯದಿದ್ದರೂ, ಹೌದು ಹೌದು ಎಂದು ತಲೆಯಾಡಿಸಿದಳು.

ವಾಪಸ್ ಬರುವಾಗ ಪೆಟ್ರೋಲಿನ ದೀಪ ಹೊತ್ತಿಕೊಂಡಿತು. ಇನ್ನೂ ಉತ್ತರದವರ ನೆಲದಲ್ಲೇ ಇದ್ದೆವು, ಡಂಡೀ ಊರಿನ ಹತ್ತಿರ. ಇಲ್ಲೊಂದು ಕಥೆ ಹೇಳಬೇಕು. ನಮ್ಮ ತಂಡದ ವುಡಿ ಹೇಯ್ಸ್ ಎಂಬ ಕೋಚ್, ಗಡಿಯಾಚೆ ಒಂದು ಪೈಸೆ ತೆರಿಗೆಯನ್ನೂ ಕೊಡುವುದಿಲ್ಲ, ಬೇಕಾದರೆ ಓಹಾಯೋವರೆಗೆ ಕಾರನ್ನು ತಳ್ಳಿಕೊಂಡೇ ಹೋಗುತ್ತೇನೆ ಎಂದು ಅಲ್ಲಿ ಪೆಟ್ರೋಲ್ ಹಾಕಿಸಲು ಒಪ್ಪಲಿಲ್ಲವಂತೆ. ನಿಜವೋ ಸುಳ್ಳೋ, ನಮ್ಮೂರಿನಲ್ಲಿ ಇದು ಪುರಾಣ. ಇವರು ಡಂಡೀಯಲ್ಲಿ ಇಂಡಿಕೇಟರ್ ಹಾಕಿದರು. ನಾನು ಸ್ಟೀರಿಂಗಿನ ಮೇಲೆ ಕೈಯಿಟ್ಟೆ. ಬೆಳಿಗ್ಗೆಯ ಗೋ ಬ್ಲೂ ಇನ್ನೂ ನನ್ನ ಕಿವಿಯಲ್ಲಿತ್ತು. ಅದನ್ನು ಒಂದು ನೋಟದಲ್ಲೇ ತಿಳಿಸಿದೆ. ಇವರು ಇಂಡಿಕೇಟರ್ ತೆಗೆದರು. ಹೀಟರ್ ಆರಿಸಿ, ರೇಡಿಯೋ ಆರಿಸಿ, ಉಸಿರು ಬಿಗಿಹಿಡಿದು ಗಡಿ ದಾಟಿ, ಸಿಲ್ವೇನಿಯಾದ ಬಂಕಿಗೆ ಬಂದು ಮುಟ್ಟಿದೆವು. ಬೋರ್ಡಿನ ಮೇಲೆ ಗ್ಯಾಲನ್‌ಗೆ ಡಂಡೀಗಿಂತ ಒಂಬತ್ತು ಸೆಂಟು ಹೆಚ್ಚು.

ಹನ್ನೊಂದು ಗ್ಯಾಲನ್ ಹಿಡಿಯಿತು. "ತೊಂಬತ್ತೊಂಬತ್ತು ಸೆಂಟು," ಎಂದರು ಇವರು, ಪಂಪಿನ ನಳಿಕೆ ಕೈಯಲ್ಲಿ ಹಿಡಿದುಕೊಂಡೇ. ಕಾರು ಹತ್ತಿದ ಮೇಲೆ ಅದಕ್ಕೆ ನಾನು ಬಾಯಿಬಿಟ್ಟು ಉಳಿಸಬಹುದಾಗಿದ್ದ ಐದು ಡಾಲರು ಸೇರಿಸಿದರು. ಫಿಂಡ್ಲೆ ದಾಟುವವರೆಗೂ ಐದು ತೊಂಬತ್ತೊಂಬತ್ತು, ಐದು ತೊಂಬತ್ತೊಂಬತ್ತು ಎಂದು ಜಪ. ಸೋತದ್ದಕ್ಕೆ ಅವರಿಗೆ ಅಷ್ಟೇನೂ ಬೇಜಾರಿದ್ದಂತೆ ಕಾಣಲಿಲ್ಲ.

ನಾನೂ ಬಿಡಲಿಲ್ಲ. ಮರುದಿನವೇ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ ಹೇಳಿದೆ: ಬರುವ ರಾಜ್ಯೋತ್ಸವಕ್ಕೆ ಜೈಕಾರ ಹಾಕಿಸಲು ಬೇರೆ ಯಾರನ್ನೂ ಹುಡುಕಬೇಡಿ, ನಮ್ಮ ಯಜಮಾನರ ಗಂಟಲು ಭರ್ಜರಿಯಾಗಿದೆ. ರೇಟು ಐದು ಡಾಲರು, ಚೌಕಾಸಿ ಮಾಡಿದರೆ ಮೂರಕ್ಕೂ ಬರುತ್ತಾರೆ.